ಐದನೇ ತರಗತಿಗೆ ಆನ್‌ಲೈನ್ ಪ್ರಕೃತಿ ಪ್ರವಾಸ: ಮಕ್ಕಳ ಗಮನವನ್ನು ಹಿಡಿದಿಡುವುದು ಹೇಗೆ?

ಪ್ರಶ್ನೆ: ಶಿಕ್ಷಕಿ, ಗದಗ ಜಿಲ್ಲೆ

ನಮ್ಮ ಸರ್ಕಾರಿ ಶಾಲೆಗೆ ದಾನಿಗಳು ಸ್ಮಾರ್ಟ್ ಟಿವಿಯೊಂದನ್ನು ಕೊಟ್ಟಿದ್ದಾರೆ. ಮಕ್ಕಳನ್ನು ದೂರದ ಕಾಡಿಗೋ ಕಡಲತೀರಕ್ಕೋ ಕರೆದೊಯ್ಯುವಷ್ಟು ಅನುದಾನವಿಲ್ಲದ ಕಾರಣ, ಪರಿಸರ ಅಧ್ಯಯನದ ಪಾಠಗಳಿಗೆ ಆನ್‌ಲೈನ್ ಪ್ರವಾಸಗಳನ್ನು ಬಳಸಬೇಕೆಂದಿದ್ದೇನೆ. ಆದರೆ ವನ್ಯಜೀವಿಗಳ ವಿಡಿಯೊ ಹಾಕಿದಾಗ ಹುಲಿ ಜಿಂಕೆಯ ಮೇಲೆ ಎರಗಿದ್ದಷ್ಟೇ ಅವರ ನೆನಪಿನಲ್ಲಿ ಉಳಿಯುತ್ತದೆ; ಆ ಜಿಂಕೆ ಏನನ್ನು ಮೇಯುತ್ತಿತ್ತು, ಸುತ್ತ ಎಂತಹ ಮರಗಳಿದ್ದವು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ

ಸಂಕಲಿಸಿದ ವಿಡಿಯೊಗಳನ್ನು ಬದಿಗಿಟ್ಟು ನೇರ ಪ್ರಸಾರದ ಕ್ಯಾಮೆರಾಗಳನ್ನು ಬಳಸಿ ನೋಡಿ. ಆಫ್ರಿಕಾದ ನಮೀಬಿಯಾ ದೇಶದಲ್ಲಿರುವ ನಮೀಬ್ ಮರುಭೂಮಿಯ ನೀರುಗುಂಡಿಯೊಂದರ ನೇರ ಪ್ರಸಾರ ಯೂಟ್ಯೂಬಿನಲ್ಲಿ ಸಿಗುತ್ತದೆ. ನಮೀಬಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ನಿಮ್ಮಲ್ಲಿ ಹತ್ತೂವರೆಯಾದಾಗ ಅಲ್ಲಿ ಬೆಳಗಿನ ಏಳು ಗಂಟೆ. ಓರಿಕ್ಸ್ (ನೀಳ ಕೊಂಬಿನ ದೊಡ್ಡ ಹುಲ್ಲೆ), ಜೀಬ್ರಾ, ಉಷ್ಟ್ರಪಕ್ಷಿಗಳು ಆ ನೀರಿಗೆ ಬರುತ್ತವೆ. ಎಷ್ಟೋ ಹೊತ್ತು ಯಾವ ಪ್ರಾಣಿಯೂ ಬಾರದಿರಬಹುದು. ನಿಜವಾದ ಪಾಠ ನಡೆಯುವುದು ಆ ಖಾಲಿ ಹೊತ್ತಿನಲ್ಲೇ ಎಂಬುದು ನನ್ನ ದೃಢವಾದ ನಂಬಿಕೆ. ನೆರಳು ಯಾವ ಕಡೆಗೆ ಸರಿಯಿತು, ಮೊದಲು ಬಂದದ್ದು ಯಾವುದು, ಅದು ನೀರಿಗೆ ಬಾಯಿ ಹಾಕುವ ಮುನ್ನ ಎಷ್ಟು ಸಲ ತಲೆಯೆತ್ತಿ ನೋಡಿತು ಎಂಬುದನ್ನೆಲ್ಲ ಪ್ರತಿಯೊಂದು ಮಗುವೂ ಸಮಯದೊಂದಿಗೆ ಬರೆದುಕೊಳ್ಳಲಿ. ಅವರು ಬರೆದು ಮುಗಿಸುವವರೆಗೆ ನೀವು ವಿವರಣೆ ಕೊಡಬೇಡಿ.

ಉತ್ತರ: ಹಕ್ಕಿ ವೀಕ್ಷಕಿ, ಮೈಸೂರು

ನಮೀಬಿಯಾ ಒಳ್ಳೆಯದೇ, ಆದರೆ ನಿಮ್ಮ ಜಿಲ್ಲೆಯಲ್ಲೇ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮಾಗಡಿ ಕೆರೆ ಇದೆಯಲ್ಲ! ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಿಗಿಳಿದು ಮೇಯುವುದನ್ನು ನಿಮ್ಮ ಕೆಲವು ಮಕ್ಕಳಾದರೂ ಕಂಡಿರುತ್ತಾರೆ. ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ನಕ್ಷೆಯಲ್ಲಿ ಈ ಹಕ್ಕಿಯನ್ನು ಆರಿಸಿ, ಮೊದಲು ಜನವರಿ, ಆಮೇಲೆ ಜೂನ್ ತಿಂಗಳ ದಾಖಲೆಗಳನ್ನು ತೋರಿಸಿ. ತಮ್ಮೂರಿನ ಕಡಲೆ ಹೊಲದಲ್ಲಿ ಕಂಡ ಹಕ್ಕಿ ಬೇಸಿಗೆಯಲ್ಲಿ ಹಿಮಾಲಯದಾಚೆ ಇರುತ್ತದೆಂದು ತಿಳಿದ ಮಗು ತಾನಾಗಿಯೇ ಅಲ್ಲಿನ ಸರೋವರಗಳನ್ನು ನೋಡಲು ಕೇಳುತ್ತದೆ. ಲಡಾಖಿನ ತ್ಸೊ ಮೊರಿರಿ ಸರೋವರವನ್ನು ಉಪಗ್ರಹ ಚಿತ್ರದಲ್ಲಿ ತೋರಿಸುವುದು ಆಗ ಸಾರ್ಥಕ.

ಉತ್ತರ: ಪೋಷಕ, ಶಿವಮೊಗ್ಗ

ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬಯಸುತ್ತೇನೆ. ಪರದೆಯ ಮೇಲೆ ವಾಸನೆಯಿಲ್ಲ, ಗಾತ್ರದ ಅಂದಾಜೂ ಸಿಗುವುದಿಲ್ಲ. ಓರಿಕ್ಸ್ ಎಷ್ಟೆತ್ತರವಿರಬಹುದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಲು ಹೇಳಿದರೆ ಮಕ್ಕಳ ಊಹೆ ನಾಯಿಯಿಂದ ಆನೆಯವರೆಗೂ ಹೋಗಬಹುದು. ಅದರ ಭುಜದ ಎತ್ತರ ಸುಮಾರು 1.2 ಮೀಟರ್ ಎಂದು ಬಳಿಕ ಅಳೆದು ತೋರಿಸಿ. ಜೊತೆಗೆ ಶಾಲೆಯಂಗಳದಲ್ಲಿ ಒಂದು ಹೊಂಗೆ ಮರವಿದ್ದರೆ ಅದನ್ನು ಮರಗಳ ಋತುಮಾನದ ಬದಲಾವಣೆಗಳನ್ನು ಜನಸಾಮಾನ್ಯರೇ ದಾಖಲಿಸುವ ಸೀಸನ್‌ವಾಚ್ ಯೋಜನೆಗೆ ನೋಂದಾಯಿಸಿ, ವಾರಕ್ಕೊಮ್ಮೆ ಚಿಗುರು, ಹೂ, ಕಾಯಿಗಳನ್ನು ಮಕ್ಕಳಿಂದಲೇ ದಾಖಲಿಸಿ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಚಿಗುರಿ ಹೂಬಿಡುವುದರಿಂದ, ಜನವರಿಯಲ್ಲೇ ಶುರು ಮಾಡಿದರೆ ಬೇಸಿಗೆ ರಜೆಗೆ ಮುನ್ನ ಆ ಬದಲಾವಣೆ ಅವರ ಕಣ್ಣೆದುರೇ ನಡೆಯುತ್ತದೆ.