ಪದ ಬೇಕು: ‘ಟ್ರಾಫಿಕಿಂಗ್’ಗೆ ‘ಕಳ್ಳಸಾಗಣೆ’ ಸರೀನಾ?

> ಪೋಸ್ಟರ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ‘ದುರ್ಬಲರ ಮಾನವ ಕಳ್ಳಸಾಗಣೆಗೆ ಹೆಚ್ಚಿನ ಶಿಕ್ಷೆ’ ಅಂತ ಬರ್ದಿದೀನಿ. ‘ದುರ್ಬಲ’ ಯಾಕೋ ಸರಿ ಕಾಣ್ತಿಲ್ಲ, ಬೇಗ ಹೇಳಿ.

ದುರ್ಬಲ ಆಮೇಲೆ, ಮೊದ್ಲು ‘ಕಳ್ಳಸಾಗಣೆ’ ತೆಗೀರಿ. ಸಾಗು, ಸಾಗಿಸು, ಸಾಗಣೆ. ಜಾಗ ಬದಲಾಗದೆ ಸಾಗಣೆ ಇಲ್ಲ. ಟ್ರಾಫಿಕಿಂಗ್ ಅಂದ್ರೆ ಜನರನ್ನ ಶೋಷಣೆಗೆ ಅಂತ ಹಿಡಿತಕ್ಕೆ ತಗೊಳ್ಳೋದು. ಅದನ್ನ ತಡೆಯೋಕೆ ವಿಶ್ವಸಂಸ್ಥೆ ಮಾಡಿದ 2000ದ ಒಪ್ಪಂದ, ಪಲೆರ್ಮೊ ಪ್ರೋಟೊಕಾಲ್‌ನಲ್ಲಿ ಐದು ಕ್ರಿಯೆ ಇವೆ, ಜನರನ್ನ ಸೇರಿಸ್ಕೊಳ್ಳೋದು, ಸಾಗಿಸೋದು, ಕೈ ದಾಟಿಸೋದು, ಇಟ್ಕೊಳ್ಳೋದು, ಪಡ್ಕೊಳ್ಳೋದು, ಅಂದ್ರೆ ಸಾಗಿಸೋದು ಐದರಲ್ಲಿ ಒಂದು ಅಷ್ಟೆ. ಹುಟ್ಟಿದ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆಲಿ ಹುಡುಗೀನ ಕೂಡಿಹಾಕಿ ದುಡಿಸ್ಕೊಂಡ್ರೂ ಇದೇ ಅಪರಾಧ, ಆದ್ರೆ ಅವಳು ನಿಮ್ಮ ಪೋಸ್ಟರ್ ಓದಿದ್ರೆ ‘ನನ್ನನ್ನ ಯಾರೂ ಎಲ್ಲಿಗೂ ಸಾಗಿಸಿಲ್ವಲ್ಲ’ ಅಂದ್ಕೊಂಡು ಸುಮ್ನಾಗ್ತಾಳೆ. ನನಗೆ ಸಂಕಟ ಆಗೋದು ಅಲ್ಲೇ. ಮೇಲಾಗಿ ವಲಸಿಗರನ್ನ ದುಡ್ಡಿಗೆ ಗಡಿ ದಾಟಿಸೋ ಸ್ಮಗ್ಲಿಂಗ್‌ಗೆ ಅದೇ ವರ್ಷ ಬೇರೆ ಪ್ರೋಟೊಕಾಲೇ ಮಾಡಿದ್ರು, ನಾವು ಎರಡಕ್ಕೂ ಒಂದೇ ಪದ ಹಚ್ಚಿ ಕೂತಿದೀವಿ.

‘ಮಾನವ ದಂಧೆ’ ಅನ್ನಿ.

ಈಗ ದುರ್ಬಲ. ಅದು ಆ ಮನುಷ್ಯರಲ್ಲೇ ಏನೋ ಕೊರತೆ ಇದೆ ಅಂದಂಗಾಗುತ್ತೆ. ಟ್ರಾಫಿಕಿಂಗ್ ವಿರುದ್ಧ ಯುರೋಪಿಯನ್ ಯೂನಿಯನ್‌ ಮಾಡಿದ 2011ರ ನಿರ್ದೇಶನ ನೋಡಿ, ಇದನ್ನ ಶೋಷಣೆಗೆ ತಲೆಬಾಗದೆ ಬೇರೆ ದಾರಿನೇ ಇಲ್ಲದ ಸ್ಥಿತಿ ಅಂತ ಬಿಡಿಸಿ ಹೇಳಿದಾರೆ, ಅಂದ್ರೆ ನೋಟ ಇರೋದು ಪರಿಸ್ಥಿತಿ ಮೇಲೆ. ಅಂಥವರ ಮೇಲೆ ಈ ಅಪರಾಧ ಎಸಗಿದ್ರೆ, ಮಕ್ಕಳಂತೂ ಅದರಲ್ಲಿ ಸೇರಲೇಬೇಕು, ಅಲ್ಲಿನ ದೇಶಗಳ ಕಾನೂನಲ್ಲಿ ಗರಿಷ್ಠ ಶಿಕ್ಷೆ 10 ವರ್ಷಕ್ಕಿಂತ ಕಮ್ಮಿ ಇರೋ ಹಾಗಿಲ್ಲ, ಸಾಮಾನ್ಯ ಕೇಸಿಗೆ ಆ ಮಿತಿ 5. ‘ಅಸಹಾಯಕರು’ ಸಾಕು.

> ದಂಧೆ ಹಿಂದಿ ಪದ. ‘ಆಳುಮಾರಿಕೆ’ ಅಚ್ಚಗನ್ನಡ.

ಆಗಲ್ಲ. ಮಾರದೆ ತಾನೇ ಇಟ್ಕೊಂಡು ದುಡಿಸ್ಕೊಳ್ಳೋನು ಇದರಿಂದ ತಪ್ಪಿಸ್ಕೊಳ್ತಾನೆ. ಹೊರಗಿನ ಪದ ಬೇಡ ಅಂತಾದ್ರೆ ಕಾನೂನು, ವಕೀಲ, ಜಾಮೀನು ಎಲ್ಲಾ ಅರಬ್ಬಿಯಿಂದ ಬಂದವು, ಕೋರ್ಟಿನ ಬಾಗಿಲಲ್ಲೇ ನಿಮ್ಮ ಅಚ್ಚಗನ್ನಡ ನಿಂತುಹೋಗುತ್ತೆ. ‘ಶಿಕ್ಷೆ’ಗೇ ಸಂಸ್ಕೃತದಲ್ಲಿ ಕಲಿಕೆ ಅಂತ ಅರ್ಥ, ದಂಡನೆ ಅನ್ನೋ ಅರ್ಥ ಗಟ್ಟಿಯಾಗಿದ್ದು ನಮ್ಮ ಬಾಯಲ್ಲಿ. ಪದ ಎಲ್ಲಿಂದ ಬಂತು ಅನ್ನೋ ಜಗಳ ಬೇಕಿದ್ರೆ ಬೇರೆ ಎಳೆ ಶುರು ಮಾಡಿ, ಬರ್ತೀನಿ.

ಪ್ರಿಂಟಿಗೆ ಇದನ್ನ ಕೊಡಿ: ‘ಮಾನವ ದಂಧೆ ಅಪರಾಧ. ಅಸಹಾಯಕರನ್ನು ಗುರಿ ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು.’ ‘ಕಠಿಣ’ ಬೇಡ, ಎಲ್ಲಾ ಪೋಸ್ಟರಲ್ಲೂ ಅದಿರುತ್ತೆ, ಯಾರೂ ಓದಲ್ಲ.