ಮನೆಮಂದಿಯ ಜೊತೆ ಚಾರಣಕ್ಕೆ ಹೋದಾಗ ಬೆಟ್ಟದ ಫೋಟೊ ತೆಗೆಯುವುದು ಹೇಗೆ?

ಮೋಡದನೆರಳು:

ಮನೆಯವರ ಜೊತೆ ಬೆಟ್ಟ ಹತ್ತುತ್ತಲೇ ಫೋಟೊ ತೆಗೆಯುವವರಿಗೆ ಮಾತ್ರ ಈ ಪ್ರಶ್ನೆ. ನಸುಕಿನಲ್ಲೇ ಟ್ರೈಪಾಡ್ ಊರಿ ಬೆಳಕಿಗಾಗಿ ಗಂಟೆಗಟ್ಟಲೆ ಕಾಯಿರಿ ಎಂಬ ಸಲಹೆ ದಯವಿಟ್ಟು ಬೇಡ. ಅದು ನನಗೂ ಗೊತ್ತು, ನನ್ನ ಹಣೆಯಲ್ಲಿ ಬರೆದಿಲ್ಲ.

ನಾವು ನಾಲ್ವರು. ನಮ್ಮವರಿಗೆ ತುದಿ ಮುಟ್ಟಿದರಷ್ಟೇ ಚಾರಣ. ನಾನು ಕ್ಯಾಮೆರಾ ಎತ್ತಿದರೆ ಸಾಕು, "ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಬಾ" ಎನ್ನುತ್ತಾರೆ. ಬೆಟ್ಟ ಓಡುವುದಿಲ್ಲ ನಿಜ, ಅದರ ಮೇಲಿನ ಬಿಸಿಲು ಓಡುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಮೋಡ ಕವಿದಿರುತ್ತದೆ. ಎಂಟು ವರ್ಷದ ಮಗ ನಿಂತಲ್ಲಿ ನಿಲ್ಲುವುದಿಲ್ಲ. ಅತ್ತೆಯವರಿಗೆ ಮಂಡಿನೋವು, ನಿಧಾನವಾಗಿ ಹತ್ತುತ್ತಾರೆ, ಆಗಾಗ ಕೂರುತ್ತಾರೆ. ನನ್ನನ್ನು ಅವಸರಪಡಿಸದವರು ಅವರೊಬ್ಬರೇ.

ನನ್ನ ಬಳಿ ಇರುವುದು ಫುಲ್ ಫ್ರೇಮ್ ಕ್ಯಾಮೆರಾ, 24–70 ಮಿ.ಮೀ. ಜೂಮ್ ಲೆನ್ಸ್ (24ರಲ್ಲಿ ನೋಟ ಅಗಲ, 70ರಲ್ಲಿ ದೂರದ್ದು ದೊಡ್ಡದು). ತೊಂದರೆ ಮೂರು. ಕಣ್ಣೆದುರು ಎದೆ ನಡುಗಿಸುವಂತೆ ನಿಂತಿದ್ದ ಶಿಖರ ಫೋಟೊದಲ್ಲಿ ಗುಳ್ಳೆಯಷ್ಟಾಗಿರುತ್ತದೆ. ದೂರದ ಸಾಲುಗಳು ಮಾಸಲು ನೀಲಿಯಾಗಿ ಕರಗಿಹೋಗುತ್ತವೆ. ಪೋಲರೈಸರ್ (ಆಕಾಶದ ನೀಲಿಯನ್ನು ಗಾಢವಾಗಿಸುವ ಫಿಲ್ಟರ್) ಹಾಕಿದರೆ ಆಕಾಶದ ಒಂದು ಮಗ್ಗುಲು ಕಡುನೀಲಿ, ಇನ್ನೊಂದು ಬಿಳಿಚು. ಯಾರಿಗೂ ಕಿರಿಕಿರಿಯಾಗದಂತೆ ನಾಲ್ಕು ಒಳ್ಳೆಯ ಚಿತ್ರ ಸಿಕ್ಕರೆ ಸಾಕು.

ಹಳೆಗಾಜು:

ಆಕಾಶದ ಮಾತು ಮೊದಲು. ಪೋಲರೈಸರ್ ಅತಿ ಹೆಚ್ಚು ಕೆಲಸ ಮಾಡುವುದು ಸೂರ್ಯನಿಗೆ 90 ಡಿಗ್ರಿ ಕೋನದಲ್ಲಿರುವ ಆಕಾಶದ ಪಟ್ಟಿಯಲ್ಲಿ. 24 ಮಿ.ಮೀ.ನಲ್ಲಿ ಅಡ್ಡ ಹಿಡಿದರೆ ಸುಮಾರು 74 ಡಿಗ್ರಿ ಅಗಲದ ನೋಟ ಚೌಕಟ್ಟಿನೊಳಗೆ ಬರುತ್ತದೆ. ಅಷ್ಟಗಲದಲ್ಲಿ ಆ ಪಟ್ಟಿ ಒಂದು ಕಡೆ ಕೂತರೆ ಇನ್ನೊಂದು ಕಡೆ ಖಾಲಿ. ಫಿಲ್ಟರಿನ ದೋಷ ಅಲ್ಲ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಬಿಡಿಸಿ, ತೋರುಬೆರಳು ಕದಲದಂತೆ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಸವರಿಕೊಂಡು ಹೋಗುವ ಜಾಗವೇ ಕಪ್ಪೇರುವ ಪಟ್ಟಿ. ಅದು ಚೌಕಟ್ಟಿನ ನಡುವೆ ಹಾಯುತ್ತಿದ್ದರೆ ಫಿಲ್ಟರ್ ತೆಗೆದು ಜೇಬಿಗೆ ಹಾಕಿ. ಅದು ಹೇಗೂ ಒಂದರಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾದಂತೆ).

ಶಿಖರ ಕುಗ್ಗುವುದಕ್ಕೆ ಕಾರಣ ಆ 24. ಭೂದೃಶ್ಯ ಎಂದರೆ ಅಗಲ ಲೆನ್ಸ್ ಎಂದು ಯಾರು ಕಲಿಸಿದರೋ! ಕಾಲಬಳಿ ಬಂಡೆಯೋ ಹೂವೋ ಇದ್ದರೆ ಅಗಲ ಸರಿ. ಆಗ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 8ಕ್ಕೆ ಇಟ್ಟು ಸುಮಾರು ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಬಂಡೆಯೂ ಇಲ್ಲ, ಹೂವೂ ಇಲ್ಲ ಎಂದರೆ 70ಕ್ಕೆ ತಿರುಗಿಸಿ. ಸಾಲು ಪೂರ್ತಿ ಹಿಡಿಸದಿದ್ದರೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ) ಮತ್ತು ಫೋಕಸ್ ಎರಡನ್ನೂ ಮ್ಯಾನ್ಯುವಲ್‌ನಲ್ಲಿ ಕಟ್ಟಿಹಾಕಿ, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಐದಾರು ಚಿತ್ರ ತೆಗೆದು ಮನೆಯಲ್ಲಿ ಜೋಡಿಸಿ. ಅರ್ಧ ನಿಮಿಷದ ಕೆಲಸ, ನಿಮ್ಮವರು ಬೂಟಿನ ದಾರ ಕಟ್ಟುವುದರೊಳಗೆ ಮುಗಿದಿರುತ್ತದೆ.

ಮಾಸಲು ನೀಲಿಗೆ ಪೂರ್ಣ ಪರಿಹಾರ ಇಲ್ಲ. ನಿಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ದೂರ ಹೆಚ್ಚಿದಷ್ಟೂ ಆ ಪರದೆ ದಪ್ಪ. ಯುವಿ ಫಿಲ್ಟರ್ ಕೊಳ್ಳಲು ಹೋಗಬೇಡಿ. ಡಿಜಿಟಲ್ ಸೆನ್ಸರಿನ ಮುಂದೆ ಅತಿನೇರಳೆ ಕಿರಣ ತಡೆಯುವ ಗಾಜು ಮೊದಲೇ ಇರುತ್ತದೆ. ಮಬ್ಬಿನ ಜೊತೆ ಜಗಳವಾಡುವುದಕ್ಕಿಂತ ಅದನ್ನೇ ಚಿತ್ರವಾಗಿಸಿ. ಬಿಸಿಲು ಓರೆಯಾಗಿದ್ದಾಗ ಬೆಳಕಿಗೆದುರಾಗಿ ನಿಂತರೆ ಹತ್ತಿರದ ಸಾಲು ಕಪ್ಪು, ಅದರಾಚೆಯದು ಬೂದು, ಇನ್ನೂ ಆಚೆಯದು ತಿಳಿ ನೀಲಿ, ಹೀಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಇಬ್ಬರಅಪ್ಪ:

ಹಳೆಗಾಜು ಅವರು ಲೆನ್ಸಿನ ಮಾತು ಮುಗಿಸಿದ್ದಾರೆ. ಮನೆಯವರ ಮಾತು ನಾನು ಹೇಳುತ್ತೇನೆ.

ಅವರನ್ನು ಚೌಕಟ್ಟಿನಿಂದ ಆಚೆ ಇಡಲು ಹೆಣಗುತ್ತಿದ್ದೀರಿ ಎಂದು ನಿಮ್ಮ ಬರಹದಿಂದಲೇ ಗೊತ್ತಾಗುತ್ತದೆ. ಒಳಗೆ ತನ್ನಿ. ಬರೀ ಬೆಟ್ಟದ ಚಿತ್ರದಲ್ಲಿ ಅದು ಎಷ್ಟು ಎತ್ತರ ಎಂದು ಹೇಳುವವರೇ ಇರುವುದಿಲ್ಲ. ನಿಮ್ಮವರು ಮುಂದೆ ಹೋಗುತ್ತಾರಲ್ಲ, ಹೋಗಲಿ. ದಾರಿ ತಿರುಗುವಲ್ಲಿ ಬೆರಳುಗುರಿನಷ್ಟಾಗಿ ಕಾಣುವಾಗ, ತಲೆಯ ಹಿಂದೆ ಆಕಾಶವೋ ಬಿಸಿಲು ಬಿದ್ದ ಇಳಿಜಾರೋ ಇರುವಂತೆ ನೋಡಿಕೊಂಡು ಕ್ಲಿಕ್ಕಿಸಿ. ಕಡುಹಸಿರು ಅಂಗಿ ಹಾಕಿದ್ದರೆ ಗಿಡಗಳ ನಡುವೆ ಮಾಯವಾಗುತ್ತಾರೆ. ಕೆಂಪೋ ಹಳದಿಯೋ ಆದರೆ ಎದ್ದು ಕಾಣುತ್ತಾರೆ. ನಡೆಯುವವರಿಗೆ ಶಟರ್ ವೇಗ ಸೆಕೆಂಡಿನ 1/250 ಸಾಕು, ಓಡುವ ಮಗನಿಗೆ 1/500.

"ಇಲ್ಲಿ ನೋಡು, ನಗು" ಎನ್ನಬೇಡಿ. ಹಾಗೆಂದ ಕೂಡಲೇ ಬೆಟ್ಟ ಫೋಟೊ ಸ್ಟುಡಿಯೋದ ಪರದೆಯಾಗುತ್ತದೆ. ಮುಖ್ಯವಾಗಿ, ಅಂಚಿನ ಹತ್ತಿರ ಯಾರಿಗೂ "ಇನ್ನೊಂದು ಹೆಜ್ಜೆ ಹಿಂದಕ್ಕೆ" ಎನ್ನಬಾರದು, ನೀವೂ ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡು ಹೆಜ್ಜೆ ಇಡಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ನಿಮ್ಮ ಅತ್ತೆಯವರು. ಅವರು ಕೂರುವ ಹೊತ್ತೇ ನಿಮ್ಮ ಹೊತ್ತು. ನಿಮಗಾಗಿ ಬೇರೆ ನಿಲುಗಡೆ ಕೇಳುವುದರಿಂದಲೇ ಮನಸ್ತಾಪ.

ಹಗುರಚೀಲ:

ಅಷ್ಟು ಭಾರ ಹೊರುವುದೇಕೆ? ಮೊಬೈಲಿನ ಎರಡು ಅಥವಾ ಮೂರು ಪಟ್ಟು ಲೆನ್ಸ್ ಬಳಸಿ, ಅರ್ಧ ಪಟ್ಟಿನದನ್ನು ಮರೆತುಬಿಡಿ. ಬೆಟ್ಟವನ್ನು ಅತಿ ಹೆಚ್ಚು ಕುಗ್ಗಿಸುವುದು ಅದೇ.

ಮೋಡದನೆರಳು:

ಹಗುರಚೀಲ ಅವರೇ, ಭಾರ ಹೊರುವುದು ನನ್ನ ಚಟ, ಅದನ್ನು ಬಿಡಿಸಬೇಡಿ.

ಲಂಬವಾಗಿ ಹಿಡಿದು ಜೋಡಿಸುವ ಉಪಾಯವನ್ನು ಮಹಡಿಯಿಂದಲೇ ಮಾಡಿ ನೋಡಿದೆ, ಚೆನ್ನಾಗಿ ಬಂತು. ಈ ಚರ್ಚೆಯನ್ನು ಅತ್ತೆಯವರಿಗೂ ಓದಿ ಹೇಳಿದೆ. "ಹಾಗಾದರೆ ಎಲ್ಲಿ ಕೂರಬೇಕು ಎಂದು ಮೊದಲೇ ಹೇಳಿಬಿಡು, ಅಲ್ಲೇ ಮಂಡಿ ನೋಯುತ್ತದೆ" ಎಂದರು. ನಮ್ಮವರಿಗೆ ಇದು ಗೊತ್ತಾಗಬಾರದು.

ಉಳಿದದ್ದು ನಡುಹಗಲು. ನಾವು ಮೇಲೆ ಮುಟ್ಟುವುದೇ ನೆತ್ತಿಯ ಮೇಲೆ ಸೂರ್ಯ ಬಂದಾಗ. ಆಗ ಕ್ಯಾಮೆರಾ ಮುಚ್ಚಿಡುವುದೇ?

ಹಳೆಗಾಜು:

ಮುಚ್ಚಬೇಡಿ. ಬಿಡಿ ಮೋಡಗಳಿದ್ದರೆ ಅವುಗಳ ನೆರಳು ಇಳಿಜಾರಿನ ಮೇಲೆ ಸರಿಯುವುದನ್ನು ನೋಡುತ್ತಿರಿ. ಹತ್ತಿರದ ಗುಡ್ಡ ನೆರಳಿಗೆ ಹೋಗಿ ಹಿಂದಿನದಕ್ಕೆ ಬಿಸಿಲು ಬಿದ್ದ ಕ್ಷಣದಲ್ಲಿ, ಚಪ್ಪಟೆಯಾಗಿದ್ದ ನೋಟಕ್ಕೆ ಆಳ ಬರುತ್ತದೆ. ನಿಮ್ಮ ಹೆಸರೇ ಮೋಡದನೆರಳು, ಇದನ್ನು ನಾನು ಹೇಳಬೇಕೆ? ರಾ ಕಡತದಲ್ಲಿ (ಸೆನ್ಸರ್ ಕಂಡದ್ದನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸುವ ಕಡತ) ತೆಗೆಯಿರಿ, ಬಿಳಿ ಮೋಡ ಸುಡದಂತೆ ಹಿಸ್ಟೋಗ್ರಾಮಿನ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿ ನೋಡಿಕೊಳ್ಳಿ. ಚೌಕಟ್ಟಿನ ತುಂಬ ಹಿಮ ಇದ್ದರೆ ಮಾತ್ರ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಅದನ್ನು ಬೂದು ಮಾಡುತ್ತದೆ. ಆಗ ಎಕ್ಸ್‌ಪೋಷರ್ ಅನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ.

ಕಪ್ಪುಬಿಳುಪೂ ಇದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಪ್ರಸಿದ್ಧ ಚಿತ್ರ ತೆಗೆದದ್ದು ಒಂಟಿಯಾಗಿ ಹೋಗಿ ಅಲ್ಲ. ಜೊತೆಗೆ ಗೆಳೆಯರಿದ್ದರು, ಮರುವರ್ಷ ಅವರ ಪತ್ನಿಯಾದ ವರ್ಜೀನಿಯಾ ಬೆಸ್ಟ್ ಇದ್ದರು. ಆ ಜಾಗ ತಲುಪುವಾಗ ಉಳಿದಿದ್ದದ್ದು ಚಿತ್ರ ಮೂಡಿಸುವ ಎರಡೇ ಗಾಜಿನ ಪ್ಲೇಟ್. ಮೊದಲನೆಯದಕ್ಕೆ ಹಳದಿ ಫಿಲ್ಟರ್ ಹಾಕಿದರು. ಆಕಾಶ ಮನಸ್ಸಿನಲ್ಲಿದ್ದಷ್ಟು ಗಾಢವಾಗದು ಎನಿಸಿ ಎರಡನೆಯದಕ್ಕೆ ಕಡುಗೆಂಪು ಹಾಕಿದರು. ಜಗತ್ತು ನೋಡಿದ್ದು ಆ ಎರಡನೆಯದನ್ನು. ನಿಮಗೆ ಫಿಲ್ಟರ್ ಬೇಡ. ಬಣ್ಣದ ಕಡತವನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ನೀಲಿಯ ಹೊಳಪು ತಗ್ಗಿಸಿದರೆ ಆಕಾಶ ಕಪ್ಪಾಗುತ್ತದೆ, ಬಂಡೆ ಮುಂದಕ್ಕೆ ಬರುತ್ತದೆ. ತೀರ ತಗ್ಗಿಸಿದರೆ ಆಕಾಶದಲ್ಲಿ ಮರಳು ಎರಚಿದಂತೆ ಚುಕ್ಕಿ ಏಳುತ್ತವೆ, ಅಲ್ಲಿಗೆ ನಿಲ್ಲಿಸಿ.

ಇಬ್ಬರಅಪ್ಪ:

ಒಂದು ಬಿಟ್ಟುಹೋಗಿತ್ತು. ಕ್ಯಾಮೆರಾ ಚೀಲದೊಳಗಿದ್ದರೆ ಪ್ರತಿ ಸಲ ಇಳಿಸಿ, ತೆರೆದು, ಮತ್ತೆ ಹೊರಬೇಕು. ಮನೆಯವರ ತಾಳ್ಮೆ ತಿನ್ನುವುದು ಅದೇ. ಹೆಗಲಪಟ್ಟಿಗೆ ಕಚ್ಚಿಸುವ ಕ್ಲಿಪ್ಪಿಗೆ ಹಾಕಿಕೊಳ್ಳಿ. ಮತ್ತೆ, ಹಳೆಯ ಸಣ್ಣ ಕ್ಯಾಮೆರಾ ಇದ್ದರೆ ಮಗನ ಕೊರಳಿಗೆ ಹಾಕಿಬಿಡಿ. ಆಮೇಲೆ "ಬಾ, ಹೊತ್ತಾಯಿತು" ಎಂದು ಕರೆಯುವ ಸರದಿ ನಿಮ್ಮದಾಗುತ್ತದೆ.