ಸ್ಕ್ರೀ, ಲೆಜ್, ಗ್ಯಾಪ್, ಕ್ಲಾಕ್‌ವೈಸ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಬೆಟ್ಟದಾರಿ:
ನಮಸ್ಕಾರ. ಕೆನಡಾದ ಯೋಹೊ ರಾಷ್ಟ್ರೀಯ ಉದ್ಯಾನದಲ್ಲಿ ಒಹಾರಾ ಸರೋವರದ ಮೇಲಿನ ಸುತ್ತುದಾರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಆಗಬೇಕು. ಊರಿಂದ ಬಂದ ಹಿರಿಯರೂ ಓದುತ್ತಾರೆ. ಇವತ್ತು ರಾತ್ರಿಯೇ ಅಚ್ಚಿಗೆ.

ಸರೋವರ ಇರುವುದು ಸುಮಾರು 2,020 ಮೀಟರ್ ಎತ್ತರದಲ್ಲಿ. ಅಲ್ಲಿಂದ ಒಂದೇ ಏರು, ಶಿಖರಗಳ ನಡುವೆ ದಾಟಿಹೋಗುವ ಜಾಗವಾದ 2,530 ಮೀಟರಿನ ವಿವಾಕ್ಸಿ ಗ್ಯಾಪ್‌ಗೆ. ಆಮೇಲೆ ಕಿರಿದಾದ ಲೆಜ್ (ಬಂಡೆಗೋಡೆಯಿಂದ ಚಾಚಿದ ಅಂಚು) ಮೇಲೆ ಹೋದರೆ ಓಯೆಸಾ ಸರೋವರ, ಅಲ್ಲಿಂದ ಒಪಾಬಿನ್ ಪ್ರಸ್ಥಭೂಮಿ, ಕೊನೆಗೆ ಆಲ್ ಸೋಲ್ಸ್ ಅನ್ನುವ ನೋಟದ ಜಾಗ. ನಡುನಡುವೆ ಸ್ಕ್ರೀ, ಅಂದರೆ ಬೆಟ್ಟದ ಇಳಿಜಾರಿನಲ್ಲಿ ಹರಡಿದ ಸಡಿಲ ಒಡೆಗಲ್ಲು. ಕ್ಲಾಕ್‌ವೈಸ್ ಹೋಗಿ ಅನ್ನುವುದೇ ಮುಖ್ಯ ಸೂಚನೆ: ತಿರುಗಾಮುರುಗಾ ಹೋದರೆ ಆ ಕಡಿದಾದ ಐನೂರು ಮೀಟರನ್ನು ದಿನದ ಕೊನೆಗೆ, ಸೋತ ಮಂಡಿಯಲ್ಲಿ ಇಳಿಯಬೇಕು. ಕಾಲಿಗೆ ಸಿಕ್ಕಿ ಉರುಳಿದ ಕಲ್ಲು ಕೆಳಗಿನಿಂದ ಬರುವವರ ಮೇಲೆ. ‘ಪ್ರದಕ್ಷಿಣೆ’ ಹಾಕಿದರೆ ಗುಡಿ ಸುತ್ತಿದ ಹಾಗಾಗುತ್ತದೆ ಅಂತ ಅನುಮಾನ.

ಹಳಗನ್ನಡಿಗ:
‘ಬಲವಂದು’ ಇರುವಾಗ ಅನುಮಾನ ಏಕೆ? ಜೈನ ಕಾವ್ಯಗಳಲ್ಲಿ ‘ಬಲವಂದು ಪೊಡೆಮಟ್ಟು’ (ಬಲಕ್ಕೆ ಸುತ್ತಿ ನಮಸ್ಕರಿಸಿ) ಹೆಜ್ಜೆಹೆಜ್ಜೆಗೆ ಸಿಗುತ್ತದೆ. ಬಲ, ಬಂದು, ಬಕಾರಕ್ಕೆ ವಕಾರ. ಸುತ್ತುವ ವಸ್ತು ಬಲಗೈಗೆ ಇರುವುದು. ‘ಬಲಸುತ್ತು’ ಅಂತ ಹಾಕಿ, ಮುಗಿಯಿತು. ಸ್ಕ್ರೀಗೆ ‘ಜಾರುಗಲ್ಲು’. ‘ಸರೋವರ’ವೂ ಬೇಡ, ‘ಕೆರೆ’ ಅನ್ನಿ.

ಕಲ್ಕುಟಿಗ:
ಕೆರೆ ಬೇಡ. ಕೆರೆ ಅಂದರೆ ಕಟ್ಟಿದ್ದು. ಏರಿ, ತೂಬು ಎಲ್ಲ ಇರಬೇಕು. ಒಹಾರಾ ಹಿಮನದಿ ಕೊರೆದ ಬಂಡೆಯ ತಗ್ಗು. ಬೇಕಾದರೆ ಕ್ಯಾಟರಾಕ್ಟ್ ತೊರೆ ಹೊರಬೀಳುವ ಜಾಗಕ್ಕೆ ‘ಕೋಡಿ’ ಅನ್ನಿ.

‘ಜಾರುಗಲ್ಲು’ ತಪ್ಪು ಚಿತ್ರ ಕೊಡುತ್ತದೆ. ಅದು ಹೊಳೆಯಲ್ಲಿ ಪಾಚಿ ಕಟ್ಟಿದ ಕಲ್ಲು: ಕಲ್ಲು ಅಲ್ಲೇ ಇರುತ್ತದೆ, ಕಾಲು ಜಾರುತ್ತದೆ. ಸ್ಕ್ರೀಯಲ್ಲಿ ಕಾಲಿನ ಜೊತೆ ಕಲ್ಲೇ ಹೊರಡುತ್ತದೆ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಬಂಡೆ ಒಡೆದು ಬಿದ್ದದ್ದು, ಅದಕ್ಕೇ ಅಂಚು ಚೂಪು, ಹೊಳೆಗಲ್ಲಿನ ಹಾಗೆ ಗುಂಡಗಲ್ಲ. ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ಪದ ‘ಜಲ್ಲಿ’. ಲಾರಿಯಿಂದ ಸುರಿದ 40 ಎಂಎಂ ಜಲ್ಲಿಯ ರಾಶಿ ಹತ್ತಲು ಹೋಗಿ ನೋಡಿ. ಸುಮಾರು 35 ಡಿಗ್ರಿಯಲ್ಲಿ ನಿಂತಿರುತ್ತದೆ, ಕಾಲಿಟ್ಟರೆ ಅರ್ಧ ಹೆಜ್ಜೆ ವಾಪಸ್. ‘ಸಡಿಲ ಜಲ್ಲಿಯ ಇಳಿಜಾರು’ ಅನ್ನಿ. ಆಳೆತ್ತರದ ಕಲ್ಲುಗಳಿದ್ದರೆ ಅದು ಬೇರೆ, ‘ಬಂಡೆರಾಶಿ’. ಎರಡನ್ನೂ ಒಂದೇ ಪದದಲ್ಲಿ ಕಟ್ಟಬೇಡಿ, ನಡೆಯುವ ಕ್ರಮವೇ ಬೇರೆ. ಜಲ್ಲಿಯಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಬಂಡೆರಾಶಿಯಲ್ಲಿ ಪ್ರತಿ ಬಂಡೆಯನ್ನೂ ಒತ್ತಿ ನೋಡಿ ಭಾರ ಬಿಡಬೇಕು.

ಹಳಗನ್ನಡಿಗ:
ಜಕಾರದಿಂದ ಶುರುವಾಗುವ ಪದ ಅಚ್ಚಗನ್ನಡವಲ್ಲ.

ಕಲ್ಕುಟಿಗ:
ನಿಮ್ಮ ‘ಜಾರುಗಲ್ಲಿ’ನ ಮೊದಲಕ್ಷರ ನೋಡಿಕೊಳ್ಳಿ. ಜೇನನ್ನೂ ಬಿಡೋಣವೇ?

ಘಟ್ಟದ ಕೆಳಗಿನವಳು:
ಗ್ಯಾಪ್‌ಗೆ ‘ಕಂಡಿ’. ಬೇಲಿಯ ಕಂಡಿ ಅನ್ನುವುದಿಲ್ಲವೇ, ಅದೇ. ‘ಕಣಿವೆ’ ಹಾಕಿದರೆ ಹಿರಿಯರು ಕೆಳಗೆ ಇಳಿಯುವ ಜಾಗ ಅಂದುಕೊಂಡಾರು. ಪಠ್ಯಪುಸ್ತಕದ ಖೈಬರ್ ಕಣಿವೆಯಿಂದ ಆದ ಗೊಂದಲ ಇದು. ಲೆಜ್‌ಗೆ ‘ಬಂಡೆಜಗಲಿ’ ಹೇಗೆ?

ಕಲ್ಕುಟಿಗ:
ಕಂಡಿ ಸರಿ. ಜಗಲಿ ಬೇಡ ಅಕ್ಕಾ, ಜಗಲಿ ಅಂದರೆ ಜನ ಕೂತು ಎಲೆಯಡಿಕೆ ಹಾಕುತ್ತಾರೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರಪಾತ, ಒಬ್ಬೊಬ್ಬರೇ ಹೋಗುವ ಜಾಗ. ‘ಬಂಡೆಯಂಚಿನ ಕಾಲುದಾರಿ’ ಅನ್ನಿ, ಉದ್ದವಾದರೂ ಪರವಾಗಿಲ್ಲ.

ಪದಸಂಗ್ರಹ:
‘ಶರತ್ಕಾಲದ ಚಾರಣ’ ಅನ್ನುವ ತಲೆಬರಹ ಹಾಕುವುದಾದರೆ ಯೋಚಿಸಿ. ನಮ್ಮ ಲೆಕ್ಕದಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಮತ್ತೆ ಆ ಹೊತ್ತಿಗೆ ಅಲ್ಲಿ ಹಳದಿಯಾಗುವ ಲಾರ್ಚ್ ಮರಗಳಿಗೆ ‘ದೇವದಾರು’ ಸಾಕು.

ಬೆಟ್ಟದಾರಿ:
ದೇವದಾರು ಸಾಲದು. ಅದು ವರ್ಷವಿಡೀ ಹಸಿರು. ಲಾರ್ಚ್ ಸೂಜಿಯೆಲೆಯ ಮರವಾಗಿಯೂ ಎಲೆ ಉದುರಿಸುತ್ತದೆ, ಅದಕ್ಕೇ ಜನ ಮುಗಿಬೀಳುವುದು. ಹಳದಿಯಾಗುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಅಂದರೆ ಆಶ್ವಯುಜದ ಆಸುಪಾಸು. ಪಂಚಾಂಗ ಹಿಡಿದರೂ ಶರತ್ತೇ. ‘ಶರತ್ಕಾಲ’, ‘ಲಾರ್ಚ್’ ಎರಡೂ ಹಾಗೇ ಇರಲಿ.

ಹಳಗನ್ನಡಿಗ:
ಲಾರ್ಚ್, ವಿವಾಕ್ಸಿ, ಓಯೆಸಾ... ಕನ್ನಡ ಎಲ್ಲಿ ಉಳಿಯಿತು? ವಿವಾಕ್ಸಿ, ಓಯೆಸಾ ಅಲ್ಲಿನ ಮೂಲನಿವಾಸಿಗಳಾದ ಸ್ಟೋನಿ ನಕೋಡ ಜನರ ಮಾತುಗಳು, 1890ರ ದಶಕದಲ್ಲಿ ಪರ್ವತಾರೋಹಿ ಸ್ಯಾಮುಯೆಲ್ ಆಲೆನ್ ಶಿಖರಗಳಿಗೂ ಸರೋವರಗಳಿಗೂ ಇಟ್ಟದ್ದು. ವಿವಾಕ್ಸಿ ಅಂದರೆ ಗಾಳಿ ಬೀಸುವ, ಓಯೆಸಾ ಅಂದರೆ ಮಂಜುಗಡ್ಡೆ, ಒಪಾಬಿನ್ ಅಂದರೆ ಕಲ್ಲುಮಯ. ‘ಗಾಳಿಕಂಡಿ’ ಅಂದರೆ ಅರ್ಥವೂ ಬಂತು, ಅಂದವೂ ಬಂತು.

ಘಟ್ಟದ ಕೆಳಗಿನವಳು:
ಕವಲಿನಲ್ಲಿ ನಿಂತವರಿಗೆ ಫಲಕದ ಮೇಲೆ ‘ಗಾಳಿಕಂಡಿ’ ಸಿಗುತ್ತದೆಯೇ ರಾಯರೇ? ಫಲಕದಲ್ಲಿ ಇದ್ದದ್ದೇ ಹಾಳೆಯಲ್ಲೂ ಇರಬೇಕು. ನಮ್ಮ ಆಗುಂಬೆಯನ್ನು ಯಾರಾದರೂ ಅನುವಾದ ಮಾಡಿ ಬಸ್ಸಿಗೆ ಬರೆದರೆ ನೀವು ಹತ್ತುತ್ತೀರಾ?

ಬೆಟ್ಟದಾರಿ:
ಸದ್ಯಕ್ಕೆ ಇಷ್ಟು:

“ಖಾಸಗಿ ವಾಹನಕ್ಕೂ ಸೈಕಲ್ಲಿಗೂ ಪ್ರವೇಶವಿಲ್ಲ. ಮುಂಗಡ ಕಾದಿರಿಸಿದ ಬಸ್ಸು, ಇಲ್ಲವೇ 11 ಕಿ.ಮೀ. ನಡಿಗೆ. ಸರೋವರ ಯಾವಾಗಲೂ ನಿಮ್ಮ ಬಲಗೈಗೆ ಇರಲಿ. ಕೋಡಿಯ ಸೇತುವೆ ದಾಟಿ ವಿವಾಕ್ಸಿ ಕಂಡಿಗೆ ಏರಿ. ಬಂಡೆಯಂಚಿನ ಕಾಲುದಾರಿಯಲ್ಲಿ ಬಂಡೆಗೆ ಬಳಿದ ಹಳದಿ ಗೆರೆಯ ನೀಲಿ ಚೌಕ ನೋಡಿಕೊಂಡು ಹೋಗಿ. ಗುರುತು ತಪ್ಪಿದರೆ ಮುಂದುವರಿಯದೆ ಹಿಂದಿನ ಗುರುತಿಗೆ ಬನ್ನಿ. ಮಂಜು ಇದ್ದರೆ ಸರೋವರದ ದಡದ ದಾರಿಯೇ ಸಾಕು.”

ಕಲ್ಕುಟಿಗ:
‘ಮಂಜು’ ತೆಗೆಯಿರಿ. ಮಡಿಕೇರಿಯವರು ಕಾವಳ, ಅಂದರೆ ಬೆಳಗಿನ ಹೊಗೆಯಂಥ ಮಂಜು, ಅಂದುಕೊಳ್ಳುತ್ತಾರೆ. ಕಾವಳ ಕರಗಿತು ಅಂತ ಹತ್ತು ಗಂಟೆಗೆ ಹೊರಟೂ ಬಿಡುತ್ತಾರೆ. ಅಲ್ಲಿ ಅಪಾಯ ಬೇರೆ. ಹಗಲು ಬಂಡೆ ಮೇಲೆ ಒಸರಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟುತ್ತದೆ, ನೆರಳಿರುವ ಕಡೆ ಬಿಸಿಲೇರಿದರೂ ಕರಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. “ಬಂಡೆ ಮೇಲೆ ಐಸ್ ಇದ್ದರೆ” ಅನ್ನಿ.

ಹಳಗನ್ನಡಿಗ:
‘ಐಸ್’ ಬರೆಯುವುದಾದರೆ ಇಷ್ಟು ಹೊತ್ತು ಚರ್ಚೆ ಯಾಕೆ ಬೇಕಿತ್ತು? ‘ನೀರ್ಗಲ್ಲು’ ಇದೆ.

ಘಟ್ಟದ ಕೆಳಗಿನವಳು:
ನೀರ್ಗಲ್ಲು ಅಂದರೆ ನೀರಿನಲ್ಲಿರುವ ಕಲ್ಲು ಅಂದುಕೊಂಡು ಕಾಲಿಡುತ್ತಾರೆ. ಐಸ್ ಇರಲಿ.

ಬೆಟ್ಟದಾರಿ:
ಐಸ್ ಅಂತಲೇ ಹಾಕಿದೆ. ಕಳಿಸುತ್ತಿದ್ದೇನೆ.

ಪದಸಂಗ್ರಹ:
ತಡವಾಗಿ ನೋಡಿದೆ. ಕೆರೆ ತುಂಬಿ ಹೆಚ್ಚಾದ ನೀರು ಹೋಗುವುದಕ್ಕೆ ಮಾತ್ರ ‘ಕೋಡಿ’. ಬೇಸಗೆಯಲ್ಲೂ ಹರಿಯುವ ತೊರೆಗೆ ಹೇಗೆ ಹೊಂದುತ್ತದೆ? ಕಲ್ಕುಟಿಗರು ಕೆರೆಗೆ ಏರಿ ಬೇಕು ಅಂದವರು ಕೋಡಿಯನ್ನು ಮಾತ್ರ ಹೇಗೆ ಬಿಟ್ಟುಕೊಟ್ಟರು ಅಂತ ತಿಳಿಸಲಿ.